ನೀವು ಖರೇ ಶಹಾಪುರದೋರೇನ್ರಿ?

ಶಹಾಪುರದ ಒಂದು ವಿಮೆ ಕಂಪನಿಯ ಶಾಖೆಯಲ್ಲಿ ನಾನು ಕ್ಲಾರ್ಕ್ ಆಗಿದ್ದಾಗ, ಗ್ರಾಹಕರಿಗಾಗಿ ವೆಬಿನಾರ್ ನಡೆಸುವ ಕೆಲಸ ನನ್ನ ತಲೆಗೆ ಬಿತ್ತು. ಕಾರಣ ಇಷ್ಟೇ, ಕಚೇರಿಯಲ್ಲಿ ತಡವರಿಸದೆ ಕನ್ನಡ ಓದುವವಳು ನಾನೊಬ್ಬಳೇ. ಮೇಲಿನ ಕಚೇರಿಯವರು ಮಾತನ್ನೆಲ್ಲ ಬರೆದೇ ಕಳಿಸಿದ್ದರು. ‘ಆತ್ಮೀಯ ಗ್ರಾಹಕ ಬಂಧುಗಳೇ’ ಎಂದು ಶುರು. ಎಲ್ಲೆಲ್ಲಿ ನಗಬೇಕು ಅನ್ನುವುದನ್ನೂ ಗುರುತು ಮಾಡಿದ್ದರು. ನನ್ನ ಬೆನ್ನ ಹಿಂದೆ ಗಾಜಿನ ದೊಡ್ಡ ಕಟ್ಟಡವೊಂದರ ಚಿತ್ರ ಕಾಣುವಂತೆ ಮಾಡಿಕೊಳ್ಳಬೇಕಿತ್ತು. ಖರೇ ಅಂದರೆ ಅಲ್ಲಿದ್ದದ್ದು ಸುಣ್ಣ ಉದುರುವ ಗೋಡೆ, ಒಂದು ನೀರಿನ ಕ್ಯಾನು.

ಮೊದಲ ದಿನ ಸುರಪುರ, ಹುಣಸಗಿ ಕಡೆಯವರೆಲ್ಲ ಸೇರಿದ್ದರು. ಆದರೆ ಎಲ್ಲರ ಕ್ಯಾಮೆರಾ ಬಂದ್. ಕರೀ ಚೌಕಗಳಿಗೆ ನಾನು ನಗುನಗುತ್ತಾ ಮಾತಾಡುತ್ತಿದ್ದೆ. ಮುಖ ಕಂಡದ್ದು ಒಂದೇ ಕಡೆ, ಹತ್ತಿರದ ಸಗರ ಹಳ್ಳಿಯ ಒಂದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಚೀಲಗಳ ಮೇಲೆ ಹೆಂಗಸರು ಕೂತಿದ್ದರು. ನಡುವೆ ತಲೆಗೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದಾಕೆ ಗಿರಣಿಯ ಒಡತಿ. ನೀರಿನಿಂದಾಗುವ ಎಲ್ಲ ನಷ್ಟಕ್ಕೂ ನಮ್ಮ ರಕ್ಷಣೆ ಇದೆ ಎಂದು ನಾನು ಓದಿದ್ದೇ ತಡ, ಆಕೆ ಕೈ ಎತ್ತಿದರು.

“ತಡೀರಿ ಮೇಡಂ. ನೀವು ಎಲ್ಲಿಂದ ಮಾತಾಡಾಕತ್ತೀರಿ?”

“ಶಹಾಪುರದಿಂದ.”

“ಖರೇ ಶಹಾಪುರದೋರೇನ್ರಿ? ಅಷ್ಟು ಎತ್ತರದ ಬಿಲ್ಡಿಂಗ್ ಅಲ್ಲಿ ಎಲ್ಲದ? ಮತ್ತ ಶಹಾಪುರದೋರಾದ್ರ ಹಿಂಗ್ಯಾಕ ಮಾತಾಡ್ತೀರಿ, ರೇಡಿಯೋದಾಗ ಮಾತಾಡಿದಂಗ?”

ಪಕ್ಕದಾಕೆ ಕಾರಣ ಹೇಳಿದಳು. ಅವರ ಓಣಿಯ ಹೆಣ್ಣುಮಗಳಿಗೆ ಯಾರೋ ಫೋನು ಮಾಡಿ, ಇಂಥದೇ ನಾಜೂಕು ಕನ್ನಡದಲ್ಲಿ ‘ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ’ ಅಂದಿದ್ದರಂತೆ. ಫೋನಿಗೆ ಬಂದ ಓಟಿಪಿ ನಂಬರ್ ಹೇಳಿದ ಮೇಲೆ ಆಕೆಯ ಖಾತೆ ಖಾಲಿ.

ನನಗೆ ಸಿಟ್ಟು ಬಂತು. ಇಲ್ಲೇ ಹುಟ್ಟಿ ಬೆಳೆದವಳನ್ನು ಕಳ್ಳಿ ಅನ್ನುತ್ತಾರಲ್ಲ! ಅಷ್ಟರಲ್ಲಿ ಕರೀ ಚೌಕಗಳು ಒಂದೊಂದಾಗಿ ತೆರೆದುಕೊಳ್ಳತೊಡಗಿದವು. ಇಷ್ಟು ಹೊತ್ತು ತಮ್ಮ ಕೆಲಸ ಮಾಡಿಕೊಂಡಿದ್ದವರೆಲ್ಲ ಈಗ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು.

“ಹಂಗಾದ್ರ ಬುದ್ಧ ಮಲಗಿದ ಗುಡ್ಡ ತೋರಿಸ್ರಿ,” ಅಂದರು ಗಿರಣಿ ಅಕ್ಕ.

ಕಟ್ಟಡದ ಚಿತ್ರ ತೆಗೆದುಹಾಕಿ, ಫೋನು ಹಿಡಿದು ಮಾಳಿಗೆ ಹತ್ತಿದೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಊರಿನ ಪಕ್ಕ ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಸಾಲಿಗೆ ಫೋನು ತಿರುಗಿಸಿ, “ನೋಡ್ರಿ, ಕಾಣ್ತದಿಲ್ಲ?” ಅಂದೆ. ನನಗೇ ತಿಳಿಯದೆ ಮನೆಯ ಮಾತು ಬಾಯಿಗೆ ಬಂದಿತ್ತು.

ಗಿರಣಿ ಅಕ್ಕ ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಹುಣಸಗಿಯ ಗಂಡಸೊಬ್ಬರು ಅಂದರು, “ಹಿಂದ ಬಿಲ್ಡಿಂಗ್ ಚಿತ್ರ ಹಚ್ಚಿದೋರಿಗೆ ಗುಡ್ಡದ ಚಿತ್ರ ಹಚ್ಚೋದೇನು ದೊಡ್ಡದ್ರಿ?” ಎಲ್ಲರೂ ನಕ್ಕರು. ನೆಟ್‌ವರ್ಕ್ ಹೋಯಿತು.

ಮರುದಿನ ಗಿರಣಿ ಅಕ್ಕ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದೇಬಿಟ್ಟರು. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, ವೆಬಿನಾರಿನಲ್ಲಿ ತೋರಿಸಿದ್ದ ನನ್ನ ನಂಬರಿಗೆ ಫೋನು ಮಾಡಿ, ಟೇಬಲ್ ಮೇಲೆ ನನ್ನ ಫೋನು ಬಡಿದುಕೊಂಡಾಗ ಸೊಸೆಯ ಮುಖ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತರು.

“ನಮ್ಮ ಗಿರಣಿ ಹಿಂದ ಕೆನಾಲ್ ಅದ. ಹೋದ ವರ್ಷ ಒಡ್ಡು ಒಡದು ನೀರು ಒಳಗ ಬಂತು, ಮೋಟರ್ ಸುಟ್ಟು ಹೋತು. ಎಲ್ಲಾ ನೀರಿಗೂ ನಡೀತದ ಅಂದ್ರಲ್ಲ ನಿನ್ನಿ, ಆ ನೀರಿಗೂ ನಡೀತದೇನು?”

ಹೌದು ಅನ್ನಲು ಬಾಯಿ ತೆರೆದೆ. ಆದರೆ ಆ ಸಾಲು ನಾನು ಓದಿದ್ದಷ್ಟೇ. “ಗೊತ್ತಿಲ್ರಿ ಅಕ್ಕಾರ. ಕೇಳಿ ಹೇಳ್ತೀನಿ.”

ಮೇಲಿನ ಕಚೇರಿಗೆ ಫೋನು ಮಾಡಿದೆ. “ಬರದದ್ದನ್ನ ಓದ್ರಿ, ಸಾಕು,” ಅಂದರು ಅಲ್ಲಿನ ಸಾಹೇಬರು. ಅವರ ಆ ಅವಸರ ಕಂಡು ಅಕ್ಕನ ಹಾಗೆ ನನಗೂ ಸಂಶಯ ಹತ್ತಿತು. ಪಾಲಿಸಿಯ ಸಣ್ಣಕ್ಷರಗಳನ್ನು ಕೂತು ಓದಿದೆ. ಮಳೆ ಇತ್ತು, ಹೊಳೆ ಇತ್ತು, ಕಾಲುವೆಯ ಮಾತೇ ಇಲ್ಲ. ಬೆನ್ನು ಬಿಡದೆ ಕೇಳಿದ ಮೇಲೆ ಉತ್ತರ ಬಂತು. ಕಾಲುವೆ ಒಡೆದ ನೀರಿಗೆ ಬೇರೆಯಾಗಿ ಸೇರಿಸಿಕೊಂಡರೆ ಮಾತ್ರ ಪರಿಹಾರ.

ಮುಂದಿನ ವೆಬಿನಾರಿನಲ್ಲಿ ಬೋಳು ಗೋಡೆಯ ಮುಂದೆಯೇ ಕೂತು, ಹೋದ ಸಲ ಓದಿದ ಸಾಲು ತಪ್ಪು ಎಂದು ಮೊದಲೇ ಹೇಳಿಬಿಟ್ಟೆ. ಆವತ್ತು ನನಗೆ ಮಾತಾಡಲು ಬಿಟ್ಟವರೇ ಇಲ್ಲ. “ಗೋಡಿ ಬಿದ್ರ?”, “ಕಳುವಾದ್ರ?”, “ಕಂಪನೀನ ಮುಚ್ಚಿದ್ರ?” ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ. ಸಾಹೇಬರು ಫೋನು ಮಾಡಿ, “ಇಷ್ಟು ಜನ ಸೇರ್ಯಾರ, ಪಾಲಿಸಿ ಮಾತ್ರ ಯಾರೂ ತಗೊಂಡಿಲ್ಲ. ಏನ್ ನಡಿಸೀರಿ ಅಲ್ಲಿ?” ಎಂದು ಗದರಿದರು. ವೆಬಿನಾರನ್ನು ನನ್ನ ಕೈಯಿಂದ ಕಿತ್ತುಕೊಳ್ಳಬಹುದು ಅನ್ನಿಸಿತ್ತು. ಕಿತ್ತುಕೊಳ್ಳಲಿಲ್ಲ, ಬೇರೆ ಯಾರೂ ಮಾಡಲು ಒಪ್ಪಲಿಲ್ಲವೇನೋ.

ಗಿರಣಿ ಅಕ್ಕ ಪಾಲಿಸಿ ಮಾಡಿಸಿದ್ದು ಎಷ್ಟೋ ತಿಂಗಳ ಮೇಲೆ, ಕಾಲುವೆಯ ನೀರನ್ನೂ ಸೇರಿಸಿ. ನನ್ನ ಎದುರೇ ಸೊಸೆಯಿಂದ ಪ್ರತಿ ಸಾಲನ್ನೂ ಜೋರಾಗಿ ಓದಿಸಿದರು, ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು. ಸಹಿ ಆದ ಮೇಲೆ ನಾನು ಚಹಾ ತರಿಸಿದೆ. ಸೊಸೆ ಕುಡಿದಳು. ಅಕ್ಕ ಕಪ್ಪನ್ನು ಮುಟ್ಟಲಿಲ್ಲ.

“ನಾ ಬಂದು ನಿಮ್ಮ ಕಚೇರಿ ನೋಡೀನಿ, ನೀವು ಮೊದಲು ನಮ್ಮ ಮನಿಗೆ ಬರ್ರಿ ತಂಗಿ,” ಅಂದರು. “ಅಲ್ಲಿ ಕುಡಿಯೋಣು.”