ಕೆಂಡಕ್ಕ ಉಳಿಸಿಕೊಂಡ ಎರಡು ಗೆರೆ

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವ ಸ್ತ್ರೀ ಒಬ್ಬಳೇ. ಪೆಟ್ಟಿಗೆಯೊಳಗೆ ಇದ್ದಿಲು, ನಾಲಿಗೆಯ ಮೇಲೆ ಕೆಂಡ. ಆದ್ದರಿಂದ ಎಲ್ಲರಿಗೂ ಕೆಂಡಕ್ಕ. ಮೆಟ್ಟಿಲ ಕೆಳಗಿನ ಕೋಣೆ ಅವಳ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಗೆ ಬೀಳಬೇಕು. ಅಲ್ಲೇ ನಿಂತು ಮೂವತ್ತು ವರ್ಷ ಊರಿನ ಸುಕ್ಕನ್ನೆಲ್ಲ ತೀಡಿದ್ದಾಳೆ. ನನ್ನ ಮುಖದ್ದು ಮಾತ್ರ ಬಾಕಿ. ಪ್ರಾರ್ಥನೆಗೂ ಮೊದಲು ನಮ್ಮ ಕಾಲರು ಪರೀಕ್ಷಿಸುತ್ತಿದ್ದ ಕಾನ್ವೆಂಟಿನ ಸಿಸ್ಟರ್ ಕೂಡ ಅವಳ ಕೈಗೆ ಸೈ ಎಂದಾರು.

ಅಂಥವಳ ಒಬ್ಬನೇ ಮಗನಿಗೆ ಇಸ್ತ್ರಿ ಒಲಿಯಲಿಲ್ಲ. ಪ್ಯಾಂಟಿನ ಕಾಲಿಗೆ ಒಂದೇ ಗೆರೆ ಬೀಳಬೇಕು. ಇವನು ಹಾಕಿದರೆ ಎರಡು, ಹಳಿಯಂತೆ ಜೊತೆಜೊತೆಯಾಗಿ. ಅದಕ್ಕೇ ಬೀದಿಗೆಲ್ಲ ಅವನು ರೈಲು. ಈ ಕಸುಬಿನಲ್ಲಿ ಜೋಡಿ ಗೆರೆಗಿಂತ ದೊಡ್ಡ ಮಾನಗೇಡು ಇನ್ನೊಂದಿಲ್ಲ.

"ಲೋ, ಗಿರಾಕಿ ಬಟ್ಟೆ ಮುಟ್ಟಿದ್ರೆ ನಿನ್ನ ಕೈ ಮೇಲೇ ಪೆಟ್ಟಿಗೆ ಇಡ್ತೀನಿ ನೋಡು!"

"ಇಡಮ್ಮ, ಕೈಗಾದ್ರೂ ಒಂದೇ ಗೆರೆ ಬೀಳಲಿ."

ಸೈನ್ಯ ಸೇರಿದ ಮೇಲೂ ಸುಧಾರಿಸಲಿಲ್ಲ. ಅಲ್ಲಿ ಜೊತೆಗಾರನೊಬ್ಬ ಇವನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ, ಇವನು ಅವನ ಬೂಟು ಉಜ್ಜುತ್ತಿದ್ದ. ಕೊನೆಯ ಸಲ ರಜೆಗೆ ಬಂದವನು ಹೊರಡುವ ದಿನ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಜೊತೆ ಸಮವಸ್ತ್ರಕ್ಕೆ ತಾನೇ ಇಸ್ತ್ರಿ ಮಾಡಿದ. ಚೀಲದ ಜಿಪ್ಪು ಹಾಕಲಾಗದೆ ಒಂದು ಜೊತೆಯನ್ನು ಗೂಟಕ್ಕೆ ನೇತುಹಾಕಿ ಹೋದ. ಹನ್ನೊಂದು ವಾರದ ನಂತರ ಗಡಿಯ ಗುಡ್ಡವೊಂದರ ಮೇಲೆ, ಗುಂಡಿನ ಕಾಳಗದಲ್ಲಿ ಸತ್ತ. ಇಪ್ಪತ್ತಮೂರು ವರ್ಷ.

ಅವನು ಓದಿದ ಶಾಲೆಯವರು ಅವನ ನೆನಪಿಗೆ ಗಾಜಿನ ಬೀರು ಮಾಡಿಸಿದರು. ಒಳಗಿಡಲು ಸಮವಸ್ತ್ರ ಕೇಳಿಕೊಂಡು ಹೆಡ್‌ಮಾಸ್ತರು ಬಂದಾಗ ನಾನೂ ಬಾಗಿಲಲ್ಲಿ ನನ್ನ ಅಂಗಿಗಳಿಗಾಗಿ ಕಾಯುತ್ತಿದ್ದೆ. ಕೆಂಡಕ್ಕ ಎರಡು ಮಾತಿಲ್ಲದೆ ಒಪ್ಪಿ, ಬಟ್ಟೆ ತಂದು ಮೇಜಿನ ಮೇಲೆ ಹರಡಿದಳು.

"ಇದೇನಮ್ಮಾ, ಎರಡೆರಡು ಗೆರೆ? ದೊಡ್ಡ ಅಧಿಕಾರಿಗಳು ಬರ್ತಾರೆ. ಒಂದ್ಸಲ ಪೆಟ್ಟಿಗೆ ಆಡಿಸಿಬಿಡಿ."

"ಆಡಿಸಲ್ಲ. ಅವನೇ ಮಾಡಿ ಮುಗಿಸಿದ್ದಾನೆ."

"ಆದ್ರೆ ತಪ್ಪಾಗಿದೆಯಲ್ಲ ತಾಯಿ..."

"ತಪ್ಪೇ. ನನಗೆ ಹೇಳ್ಕೊಡ್ತೀರಾ? ಅವನ ಕೈಯಿಂದ ನನಗೆ ಅಂತ ಉಳಿದಿರೋದು ಇವೇ. ನಾನು ಮುಟ್ಟಿದ್ರೆ ಇದು ನನ್ನ ಗೆರೆ ಆಗುತ್ತೆ. ನನ್ನ ಗೆರೆ ಊರೆಲ್ಲ ಓಡಾಡ್ತಿದೆ, ನಿಮ್ಮ ಕಾಲ ಮೇಲೂ ಇದೆ."

ಹೆಡ್‌ಮಾಸ್ತರು ತಮ್ಮ ಪ್ಯಾಂಟು ನೋಡಿಕೊಂಡರು. "ಹೋಗಲಿ ಬಿಡಿ, ನಾವೇ ಬೇರೆ ಕಡೆ ಮಾಡಿಸ್ಕೋತೀವಿ," ಎಂದರು.

ಅಷ್ಟು ಸಾಕಾಯಿತು. ಕೆಂಡಕ್ಕ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಬೀರು ನಿಮ್ದು, ಪ್ಯಾಂಟು ನಂದು. ಹೊರಡಿ."

"ಅಕ್ಕಾ, ಒಂದು ಮಾತು..." ಎಂದು ನಾನು ಬಾಯಿ ಹಾಕಿದೆ.

"ನಿನಗೆ ನಿನ್ನ ಅಂಗಿ ಬೇಕೋ ಬೇಡ್ವೋ?"

ನಾನು ಅಂಗಿಯ ಪಕ್ಷ ಸೇರಿದೆ.

ಮರುದಿನದಿಂದ ಆ ಸಮವಸ್ತ್ರ ಅಂಗಡಿಯ ಬಾಗಿಲಲ್ಲೇ, ಬೀದಿಗೆ ಮುಖಮಾಡಿ ನೇತಾಡತೊಡಗಿತು. ಬಾಯಿ ಬಿಡದ ಬೀದಿಯೇ ಅಲ್ಲ ನಮ್ಮದು. ಹೊಸ ಗಿರಾಕಿಯೊಬ್ಬ, "ಇಸ್ತ್ರಿ ಅಂಗಡೀಲೇ ಜೋಡಿ ಗೆರೆನಾ?" ಎಂದು ಕಿಸಕ್ಕೆಂದ.

"ನನ್ನ ಮಗ ಹಾಕಿದ್ದು. ನಗೋದಾದ್ರೆ ಜೋರಾಗಿ ನಗು, ಅವನೂ ಹಾಗೇ ನಗ್ತಿದ್ದ."

ಸಮಾರಂಭದ ದಿನ ಬಂತು. ಹೂವಿನಲ್ಲಿ ಮುಚ್ಚಿಹೋದ ಬೀರು, ಒಳಗೆ ಬರೀ ಹ್ಯಾಂಗರು. ಬಂದಿದ್ದ ಸೈನ್ಯದ ಅಧಿಕಾರಿ ಕಾರಣ ಕೇಳಿದರು. ಹೆಡ್‌ಮಾಸ್ತರು ತೊದಲುತ್ತ ಹೇಳಿದರು. ಅಧಿಕಾರಿ ಕಾರು ಬೇಡವೆಂದು ನಡೆದೇ ನಮ್ಮ ಬೀದಿಗೆ ಬಂದು, ತಲೆ ಬಗ್ಗಿಸಿ ಮೆಟ್ಟಿಲ ಕೆಳಗೆ ನುಗ್ಗಿದರು. ಹೆಡ್‌ಮಾಸ್ತರು ಬಾಗಿಲಾಚೆ ನಿಂತರು. ಅಧಿಕಾರಿ ನೇತಾಡುತ್ತಿದ್ದ ಪ್ಯಾಂಟಿನ ಕಾಲನ್ನು ಬಹಳ ಹೊತ್ತು ನೋಡಿದರು.

"ಅಮ್ಮಾ, ಹೀಗೆ ಪರೇಡಿಗೆ ಬಂದಿದ್ರೆ ನಾನು ಅವನಿಗೆ ಶಿಕ್ಷೆ ಕೊಡ್ತಿದ್ದೆ," ಎಂದರು, ಮೆಲ್ಲಗೆ, ನಗಿಸಲೆಂದೇ.

"ಕೊಡಿ ಸಾರ್. ಮೈದಾನ ಎಂಟು ಸುತ್ತು ಓಡಿಸಿ. ಬೈಯಿರಿ, ನಾನೂ ಸೇರ್ಕೊಂಡು ಬೈತೀನಿ. ಕರ್ಕೊಂಡ್ ಬನ್ನಿ ಅವನನ್ನ."

ಅಧಿಕಾರಿ ಟೋಪಿ ತೆಗೆದರು. ಕೆಂಡಕ್ಕ ಯಾರದೋ ಬಿಳಿ ಅಂಗಿಯನ್ನು ಮೇಜಿಗೆಳೆದು ನೀರು ಚಿಮುಕಿಸಿದಳು.

"ಸ್ವಲ್ಪ ಆ ಕಡೆ ನಿಲ್ಲಿ ಸಾರ್," ಎಂದಳು, "ಬೆಳಕಿಗೆ ಅಡ್ಡ ಬರ್ತಿದ್ದೀರಿ."