ಅಣ್ಣನ ರಕ್ತ, ಅತ್ತಿಗೆಯ ರಕ್ತ

ಮೊನ್ನೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ನಮ್ಮೂರು ಹಂಗಳಕ್ಕೆ ಹೊರಟಿದ್ದೆ. ದಾರಿಯಲ್ಲಿ ಯಾರದೋ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದ ವಾಸನೆ ಕಿಟಕಿಯಿಂದ ನುಗ್ಗಿತು. ಬೆಳ್ಳುಳ್ಳಿ ಕೊಳೆತಂಥ ಆ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಅತ್ತಿಗೆಯ ನೆನಪೇ.

ಅತ್ತಿಗೆ ಮಾದೇವಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಅಣ್ಣನೊಂದಿಗೆ ಸಮಸಮ ದುಡಿಯುತ್ತಿದ್ದಳು. ಬದನೆ ಹೊಲಕ್ಕೆ ಔಷಧಿ ಹೊಡೆದ ದಿನ ಮಾತ್ರ ತಲೆ ಸುತ್ತುತ್ತದೆಂದು ಮಲಗಿಬಿಡುತ್ತಿದ್ದಳು. ಅಣ್ಣನೋ ಅದೇ ಕ್ಯಾನನ್ನು ಬೆನ್ನಿಗೇರಿಸಿ ಹೊಡೆದು, ಮೈ ತೊಳೆದು, ಮುದ್ದೆ ಉಂಡು ಆರಾಮವಾಗಿರುತ್ತಿದ್ದ.

"ಔಷ್ದಿ ಹೊಡ್ಯೋ ದಿನ್ವೇ ಬತ್ತದೆ ಅವ್ಳ ಕಾಯ್ಲೆ. ನಾಟ್ಕ ಕಣ್ಲಾ" ಎಂದು ನನ್ನ ಮುಂದೆ ನಗುತ್ತಿದ್ದ. ಅವ್ವನದೂ ಅದೇ ಮಾತು. ಮನೆಯಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ. ನಾನೂ ಅದನ್ನೇ ನಂಬಿದ್ದೆ.

ಒಂದು ಬೆಳಿಗ್ಗೆ ಔಷಧಿ ಹೊಡೆಯುತ್ತಿದ್ದ ಅತ್ತಿಗೆ ಬದನೆ ಸಾಲಿನ ನಡುವೆಯೇ ಕುಸಿದಳು. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಉಸಿರಿಗೆ ಒದ್ದಾಟ. ಗುಂಡ್ಲುಪೇಟೆ ಆಸ್ಪತ್ರೆಯವರು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಅಣ್ಣ ಅವಳ ಅಂಗಾಲು ಉಜ್ಜುತ್ತ ಕೂತಿದ್ದ.

ಜೀವ ಉಳಿಯಿತು. ಅವಳು ಎದ್ದು ಕೂತ ದಿನ ಡಾಕ್ಟರಮ್ಮನನ್ನು ಅಣ್ಣ ಕೇಳಿಯೇಬಿಟ್ಟ: "ಇಬ್ರೂ ಒಂದೇ ಔಷ್ದಿ ಹೊಡುದ್ವಿ ಕಣಮ್ಮ. ನಂಗೇನೂ ಆಗ್ನಿಲ್ವಲ್ಲ?"

"ಈ ವಿಷವನ್ನ ಒಡೆದು ಹಾಕೋ ಕಿಣ್ವ ನಮ್ಮೆಲ್ಲರ ರಕ್ತದಲ್ಲೂ ಇರುತ್ತೆ. ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಹುಟ್ಟಿನಿಂದ ಬಂದದ್ದು. ಇವರದ್ದು ನಿಧಾನ ಇರಬಹುದು. ನಿಮ್ಮದು ಚುರುಕಾಗಿದ್ರೂ ಅದಕ್ಕೂ ಒಂದು ಮಿತಿ ಇದೆ." ನಾನು ಓದಿದ್ದರಲ್ಲಿ ಕಿಣ್ವವೆಂದರೆ ಉಂಡ ಅನ್ನ ಅರಗಿಸುವ ರಸ, ಅಷ್ಟೇ.

ಅಣ್ಣ ಅಂಗಿಯ ತೋಳು ಮಡಿಸಿ ಕೈ ಚಾಚಿದ. "ಅಂಗಾರೆ ನನ್ ರಕ್ತ ಒಸಿ ತಕ್ಕಂಡು ಅವ್ಳಿಗೆ ಆಕ್ಬುಡಿ."

ಡಾಕ್ಟರಮ್ಮ ನಗಲಿಲ್ಲ. "ಹಾಗೆ ಕೊಟ್ಟ ಕಿಣ್ವ ಮೈಯಲ್ಲಿ ನಿಲ್ಲಲ್ಲ ಯಜಮಾನ್ರೆ. ಇವರನ್ನ ಔಷಧಿಯಿಂದ ದೂರ ಇಡಿ. ನೀವೂ ದೂರ ಇರಿ."

ಅತ್ತಿಗೆ ಗೋಡೆಯತ್ತ ತಿರುಗಿ ಅತ್ತಳು. ನೋವಿಗಲ್ಲ. "ನಾಟ್ಕ ಅಲ್ಲ ಅಂತ ಈಗ್ಲಾರ ಗೊತ್ತಾಯ್ತಾ?"

"ಊಂ ಕಣಮ್ಮಿ, ತಪ್ಪಾಯ್ತು" ಎಂದ ಅಣ್ಣ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದೀಚೆ ಆ ಹೊಲಕ್ಕೆ ಬೇವಿನ ಕಷಾಯವೇ. ಅಂಥ ಕಿಣ್ವ ತಯಾರಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೂ ಇವೆಯೆಂದು ಆಮೇಲೆಲ್ಲೋ ಓದಿ ಅಣ್ಣನಿಗೆ ಹೇಳಿದೆ. "ಅವೂ ಒಸಿ ಸುಧಾರಿಸ್ಕಳ್ಲಿ ಬುಡು" ಎಂದ.

ಮೊನ್ನೆ ನಾನು ಮನೆ ಮುಟ್ಟಿದಾಗ ಅತ್ತಿಗೆ ಜಗಲಿಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಒಂದರೊಳಗೆ ಹುಳು ಮಿಸುಕಿತು. ಆ ತುಂಡನ್ನು ಕೋಳಿಗೆ ಎಸೆದು, "ಅದು ತಿಂದು ಬುಟ್ಟಿದ್ನ ನಾವು ತಿನ್ನನ, ಕೂತ್ಕಳಪ್ಪ" ಎಂದಳು. ಹುಳು ಕಂಡರೆ ಊಟ ಬಿಟ್ಟೇಳುತ್ತಿದ್ದ ನಾನು ಸಾರನ್ನು ಇನ್ನೊಂದು ಸಲ ಹಾಕಿಸಿಕೊಂಡು ಉಂಡೆ.