ಕೊಳಾಯಿ ಸಾಲಿನಲ್ಲಿ ಐದನೆಯವಳು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಎದುರಿಗೇ ನಿಂತಿದ್ದರೂ ಅದು ನನ್ನದು ಹೌದೋ ಅಲ್ಲವೋ ಎಂದು ಕಂಡಕಂಡವರನ್ನೆಲ್ಲ ಕೇಳುವವನು ನಾನು. ಅಂಥವನನ್ನು ಎಂಬತ್ತರ ದಶಕದಲ್ಲಿ ಆ ಊರಲ್ಲೇ ಪ್ರೈಮರಿ ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ಕೊಡಲು ಹಾಕಿದ್ದರು. ಮಕ್ಕಳು ಲೆಕ್ಕವನ್ನು ಹೇಗೆ ಯೋಚಿಸಿ ಬಿಡಿಸುತ್ತಾರೆ ಅನ್ನುವುದು ನನ್ನ ವಿಷಯ. ನಾನು ಹೇಗೆ ಯೋಚಿಸುತ್ತೇನೆ ಅನ್ನುವುದು ನನ್ನ ಹೆಂಡತಿಗೇ ಇನ್ನೂ ಗೊತ್ತಾಗಿರಲಿಲ್ಲ.

ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ, ಆ ದಾರಿ ಹುಡುಕಿ ಎನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸಿ, ಟೀ ಕುಡಿದು, ಮನೆಗೆ ಹೋಗುತ್ತಿದ್ದರು. ಯಾರೂ ನನ್ನ ಮಾತು ನಂಬುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಮಾತಾಡುತ್ತಿದ್ದದ್ದು.

ಒಬ್ಬ ಟೀಚರಮ್ಮ ನಂಬಿಬಿಟ್ಟರು. ಬಂಗಾರಪೇಟೆಯವರು, ದಿನಾ ರೈಲಿನಲ್ಲಿ ನಂದಿದುರ್ಗ ಚಿನ್ನದ ಗಣಿಯ ಲೈನುಗಳ, ಅಂದರೆ ಗಣಿ ಕೆಲಸದವರ ಸಾಲುಮನೆಗಳ, ಶಾಲೆಗೆ ಹೋಗಿಬರುತ್ತಿದ್ದರು. ಅವರ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಪಾಸು ಮಾಡಬೇಕೋ, ಅಲ್ಲೇ ಕೂರಿಸಬೇಕೋ ಎಂದು ಶನಿವಾರದೊಳಗೆ ಹೆಡ್‌ಮಾಸ್ಟರಿಗೆ ಹೇಳಬೇಕಿತ್ತು. ಫೇಲಾದರೆ ಸ್ಕೂಲು ಸಾಕು, ತಮ್ಮನನ್ನು ನೋಡಿಕೊಂಡು ಮನೆಯಲ್ಲಿರಲಿ ಎಂದು ಹುಡುಗಿಯ ತಾಯಿ ಆಗಲೇ ಹೇಳಿಯಾಗಿತ್ತಂತೆ.

ಟೀಚರಮ್ಮ ಕೇಳಿದ್ದ ಲೆಕ್ಕ ಇದು. ಕೊಳಾಯಿ ಮುಂದೆ ಹನ್ನೆರಡು ಜನ ಸಾಲು ನಿಂತಿದ್ದಾರೆ, ನೀನು ಐದನೆಯವಳು, ನಿನ್ನ ಹಿಂದೆ ಎಷ್ಟು ಜನ? ಹುಡುಗಿ ಆರು ಎಂದಳು. ಮತ್ತೆ ಕೇಳಿದರೂ ಆರೇ. ಗದರಿಸಿದರೂ ಆರೇ.

"ಇದಕ್ಕೇನು ದಾರಿ ಸಾರ್? ನೀವು ಹೇಳ್ದಂಗೆ ಮಾಡ್ತೀನಿ" ಎಂದರು.

ಬೋರ್ಡಿನ ಮೇಲೆ ಹನ್ನೆರಡು ಸೊನ್ನೆ ಹಾಕಿ, ಹುಡುಗಿ ತನ್ನನ್ನು ತಾನೇ ಎರಡು ಸಲ ಕಳೆದುಬಿಟ್ಟಿದ್ದಾಳೆ ಎಂದು ವಿವರಿಸಿದೆ. ವಿವರಣೆ ಎಷ್ಟು ಚೆನ್ನಾಗಿ ಕೂತಿತೆಂದರೆ ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿದ್ದ ಆಂಡರ್ಸನ್‌ಪೇಟೆಯ ಹಿರಿಯ ಮೇಷ್ಟ್ರು ಮಾತ್ರ ಪೆನ್ನು ತೆಗೆಯಲಿಲ್ಲ.

"ನಾಡಿ ಹಿಡೀದೆ ಔಷಧಿ ಕೊಟ್ಟಂಗಾಯ್ತಲ್ಲ ಸ್ವಾಮಿ. ಆ ಹುಡುಗೀನ ಯಾರಾದ್ರೂ ಕೇಳಿದ್ರಾ?"

ಅವತ್ತು ಊಟ ಸೇರಲಿಲ್ಲ. ನನ್ನ ಹನ್ನೆರಡು ಸೊನ್ನೆ ನಂಬಿಕೊಂಡು ಈಯಮ್ಮ ಹುಡುಗಿಯನ್ನು ಫೇಲು ಮಾಡಿಬಿಟ್ಟರೆ? ಮಾರನೆಯ ಬೆಳಿಗ್ಗೆ ಅವರ ಜೊತೆಗೇ ರೈಲು ಹತ್ತಿದೆ. ಆ ರೈಲು ಸರಿಯಾದದ್ದೇ ಎಂದು ಅವರು ಎರಡು ಸಲ ಹೇಳಬೇಕಾಯಿತು.

ಹುಡುಗಿ ನನ್ನನ್ನು ಇನ್‌ಸ್ಪೆಕ್ಟರು ಅಂದುಕೊಂಡು ಬಾಯಿ ಬಿಡಲಿಲ್ಲ. ಕೊನೆಗೆ ಟೀಚರಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು.

"ಬೈಯಲ್ಲ ಕಣೆ. ಬಿಂದಿಗೆ ಹಿಡ್ಕೊಂಡು ನಿಂತಿದೀಯ ಅಂದ್ಕೊ. ಆಮೇಲೇನಾಯ್ತು, ಹೇಳು."

"ನಾನು ಐದ್ನೇವ್ಳು ಮಿಸ್. ಇಂದ್ಗಡೆ ಒಬ್ಬಕ್ಕ ಇರ್ತಾಳಲ್ಲ, ಅವ್ಳ ಗಂಡ ಶಿಫ್ಟಿಗೆ ಓಗ್ಬೇಕು. ಅವ್ಳನ್ನ ಮುಂದುಕ್ಕೆ ಬಿಟ್ಟೆ. ಇನ್ನ ಇಂದೆ ಆರೇ ಜನ."

ಟೀಚರಮ್ಮ ನನ್ನ ಮುಖ ನೋಡಿದರು, ನಾನು ಅವರದ್ದು. ಗಣಿಗೆ ಇಳಿಯುವವನಿಗೆ ಬುತ್ತಿ ಕಟ್ಟಬೇಕಾದ ಮನೆಯವರನ್ನು ಲೈನುಗಳಲ್ಲಿ ಯಾರೂ ಸಾಲಿನಲ್ಲಿ ಕಾಯಿಸುವುದಿಲ್ಲವಂತೆ. ನಮ್ಮಿಬ್ಬರ ಮನೆಯಲ್ಲೂ ಬಾವಿ ಇತ್ತು. ಸಾಲು ನಿಂತು ನೀರು ಹಿಡಿದವರೇ ಅಲ್ಲ ನಾವು. ನಾನು ಬೋರ್ಡಿನ ಮೇಲೆ ಹಾಕಿದ್ದ ಸೊನ್ನೆಗಳಲ್ಲಿ ಒಂದೂ ಜಾಗ ಬಿಟ್ಟು ಕದಲಿರಲಿಲ್ಲ.

"ಯಾರನ್ನೂ ಮುಂದಕ್ಕೆ ಬಿಡ್ಲಿಲ್ಲ ಅಂದ್ರೆ?" ಎಂದು ಕೇಳಿದರು ಟೀಚರಮ್ಮ.

"ಏಳು" ಎಂದಳು ತಟ್ಟನೆ. ಜೊತೆಗೇ, "ಆದ್ರೆ ಎಲ್ರೂ ಬೈತಾರೆ ಮಿಸ್."

ಶನಿವಾರದವರೆಗೆ ಕಾಯದೆ ಟೀಚರಮ್ಮ ಎದ್ದು ನೇರವಾಗಿ ಹೆಡ್‌ಮಾಸ್ಟರ ರೂಮಿಗೆ ಹೋದರು. ಬಾಗಿಲ ಹೊರಗೆ ನಿಂತು ಬೆವರಿದವನು ನಾನು. ಈಚೆ ಬಂದವರು ಪಾಸು ಎಂದರು. ಹಿಂದೆಯೇ, ಇನ್ನೊಬ್ಬ ಹುಡುಗ ಇದಾನೆ ಸಾರ್, ಏನು ಕೇಳಿದರೂ ಸೊನ್ನೆ ಅಂತಾನೆ, ಅದಕ್ಕೇನು ದಾರಿ ಎಂದರು.

ನನಗೆ ಗೊತ್ತಿಲ್ಲಮ್ಮ, ಅವನನ್ನೇ ಕೇಳಿ ಎಂದೆ. ತರಬೇತಿಗೆ ಬಂದವರ ಮುಂದೆ ಗೊತ್ತಿಲ್ಲ ಅಂದದ್ದು ಅದೇ ಮೊದಲು. ಅದನ್ನು ಅವರು ಮೇಲಿನವರಿಗೆ ಹೇಳಿಬಿಡುತ್ತಾರೇನೋ ಎಂದು ಬಂಗಾರಪೇಟೆಯವರೆಗೂ ಯೋಚಿಸುತ್ತಾ ಬಂದೆ.